ಒಲೆ ಪಕ್ಕದ ಎರಡನೇ ಮಣೆ

ನಮ್ಮ ಡಬ್ಲಿನ್ನಿನ ಅಪಾರ್ಟ್‌ಮೆಂಟಿನಲ್ಲಿ ಮೊನ್ನೆಯಿಂದ ಹೊಗೆಯ ವಾಸನೆ. ಎಲ್ಲೋ ಕಾಡಿಗೆ ಬೆಂಕಿ ಬಿದ್ದಿರಬೇಕೆಂದು ಕಿಟಕಿಗಳನ್ನು ಮುಚ್ಚಿದೆ, ಮುಚ್ಚಿದಷ್ಟೂ ಹೆಚ್ಚಾಯಿತು. ಮಗಳು ಫೋನಿನಲ್ಲಿ ನೋಡಿ, "ಏರ್ ಈಸ್ ಫೈನ್, ಅಮ್ಮಾ" ಎಂದು ಆಫೀಸಿಗೆ ಹೊರಟಳು. ಅವಳ ಮೂಗಿಗೆ ಏನೂ ಬಡಿದಿರಲಿಲ್ಲ. ನನಗೆ ಮಾತ್ರ ಗುರುತು ಹತ್ತಿತ್ತು. ಲಡಾಖಿನ ಆ ಮನೆಯಲ್ಲಿ ಬೆಳಗಾದರೆ ಕೆಂಡದ ಮೇಲೆ ಧೂಪವಾಗಿ ಹಾಕುತ್ತಿದ್ದ ಶುಕ್ಪಾ ಸೊಪ್ಪಿನ ಹೊಗೆ ಅದು.

ಟ್ರೆಕ್ಕಿಂಗು ನಮ್ಮ ಯಜಮಾನರ ಹುಚ್ಚು. ನಾನೋ ಮಂಡ್ಯದ ಬಯಲಲ್ಲಿ ಬೆಳೆದವಳು, ಹೆದ್ದಾರಿ ಮೇಲಿನ ಸೇತುವೆ ಹತ್ತಿದರೂ ಏದುಸಿರು ಬಿಡುವವಳು. ಐವತ್ತು ದಾಟಿದ ಮೇಲೆ ಇದೆಲ್ಲ ಬೇಕಿತ್ತೇ ಹೇಳಿ. ಆದರೂ ಕೆಲವು ವರ್ಷಗಳ ಹಿಂದೆ ಮಂಡಿಗೆ ಪಟ್ಟಿ ಸುತ್ತಿಕೊಂಡು, ಚೀಲದಲ್ಲಿ ಚಟ್ನಿಪುಡಿ ಇಟ್ಟುಕೊಂಡು ಇವರ ಜೊತೆ ಲಡಾಖಿಗೆ ಹೊರಟೆ. ಹಗಲೆಲ್ಲ ಕಣಿವೆಯಿಂದ ಕಣಿವೆಗೆ ನಡೆಯುವುದು, ಸಂಜೆ ಹಳ್ಳಿಯವರ ಮನೆಯಲ್ಲಿ ತಂಗುವುದು. ಕೊನೆಯ ಮನೆ ಒಬ್ಬ ಅಜ್ಜಿಯದು. ಅದರಾಚೆ ಹಿಮ ಮುಚ್ಚಿದ ಘಾಟಿ, ಮನೆಗಳೇ ಇಲ್ಲ.

ಊಟ ಚೆನ್ನಾಗಿತ್ತು, ಹಾಸಿಗೆ ಬೆಚ್ಚಗಿತ್ತು. ಒಂದೇ ವಿಚಿತ್ರವೆಂದರೆ ಒಲೆ ಪಕ್ಕದ ಮಣೆಯ ಮೇಲೆ ಯಾರನ್ನೂ ಕೂರಗೊಡುತ್ತಿರಲಿಲ್ಲ. ಅಜ್ಜಿ ಅದರ ಮುಂದೆ ಬಟ್ಟಲಲ್ಲಿ ಬಿಸಿ ಗಂಜಿ ಇಡುವಳು, ಆರಿದ ಮೇಲೆ ಎತ್ತಿಡುವಳು. ಕೇಳಿದ್ದಕ್ಕೆ ಅವಳ ಸೊಸೆ ಹಿಂದಿಯಲ್ಲಿ ವಿವರಿಸಿದಳು. ಹಿಂದೊಬ್ಬ ಅತಿಥಿ ಮತ್ತೆ ಬರುತ್ತೇನೆಂದು ಹೇಳಿ ಹೋದನಂತೆ, ಘಾಟಿಯಲ್ಲಿ ಸತ್ತನಂತೆ, ಹೇಳಿದಂತೆಯೇ ಬಂದನಂತೆ. ಕೊಟ್ಟ ಮಾತು ಸತ್ತವರನ್ನೂ ಎಳೆದು ತರುತ್ತದೆ. ಅದಕ್ಕೇ ಈ ಮನೆಯಿಂದ ಹೊರಡುವವರು ಹೊಸಿಲಲ್ಲಿ ನಿಂತು, ಹೋಗುತ್ತೇವೆ, ಮತ್ತೆ ಬರುವುದಿಲ್ಲ ಎನ್ನಬೇಕು.

ನಮ್ಮ ಬಾಯಲ್ಲಿ ಅದು ಬರುತ್ತದೆಯೇ? ಅಂಗಡಿಗೆ ಹೊರಟು "ಹೋಗ್ತೀನಿ" ಅಂದರೂ, "ಬಿಡ್ತು ಅನ್ನು, ಹೋಗಿ ಬರ್ತೀನಿ ಅನ್ನು" ಎಂದು ಅಮ್ಮ ಗದರುತ್ತಿದ್ದ ಮನೆಗಳಿಂದ ಬಂದವರು ನಾವು. ನಾನು ಮನೆದೇವರಿಗೆ ತಪ್ಪುಕಾಣಿಕೆ ಹರಸಿಕೊಂಡು ಹೇಗೋ ಹಿಂದಿಯಲ್ಲಿ ಒಪ್ಪಿಸಿಬಿಟ್ಟೆ. ಇವರು ಅಜ್ಜಿಯ ಕೈ ಹಿಡಿದು, ನಗುತ್ತಾ, ಕನ್ನಡದಲ್ಲೇ ಅಂದರು: "ಹೋಗಿ ಬರ್ತೀನಿ, ಅಜ್ಜಿ."

ಅಜ್ಜಿಗೆ ಕನ್ನಡವೆಲ್ಲಿ ತಿಳಿಯಬೇಕು? ಆದರೂ ಕೈ ಬಿಡಿಸಿಕೊಂಡು ಒಳಗೆ ಹೋದಳು. ಅಟ್ಟದಿಂದ ಇನ್ನೊಂದು ಮಣೆ ಇಳಿಸಿ ಒಲೆ ಪಕ್ಕಕ್ಕೆ ಹಾಕಿದಳು.

ಘಾಟಿಯನ್ನು ಕ್ಷೇಮವಾಗಿಯೇ ದಾಟಿದೆವು. ಎಷ್ಟೋ ಪಾರ್ಟಿಗಳಲ್ಲಿ ಇವರು ಆ ಕಥೆ ಹೇಳಿ ನಗಿಸಿದರು. ಹೋದ ಚಳಿಗಾಲದಲ್ಲಿ, ಇಲ್ಲೇ ಸೋಫಾದ ಮೇಲೆ ಕೂತು ಕಾಫಿ ಕೇಳಿದವರು, ನಾನು ಲೋಟ ತರುವಷ್ಟರಲ್ಲಿ ಇಲ್ಲವಾದರು. ನನಗೊಂದು ಮಾತೂ ಹೇಳದೆ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಲಡಾಖಿಗೆ ಸುದ್ದಿ ಮುಟ್ಟಿಸಬೇಕೆಂದು ಯಾರಿಗೆ ಹೊಳೆಯುತ್ತದೆ?

ಇವತ್ತು ಬೆಳಿಗ್ಗೆ, ಆಗ ಬರೆದುಕೊಟ್ಟಿದ್ದ ನಂಬರಿಗೆ ಆ ಸೊಸೆ ಫೋನು ಮಾಡಿದಳು. ನಿಮ್ಮ ಯಜಮಾನರು ಮೊನ್ನೆ ಬಂದರು ಎಂದಳು, ಊರಿನ ಬಸ್ಸು ಬಂತು ಅನ್ನುವ ಹಾಗೆ. ಎರಡನೇ ಮಣೆಯ ಮೇಲೆ ಕೂತಿದ್ದಾರೆ, ಏಳುತ್ತಿಲ್ಲ. ಅಜ್ಜಿಗೆ ಕೈಲಾಗುವುದಿಲ್ಲ, ಇಬ್ಬರಿಗೆ ಬಡಿಸುವುದು ಕಷ್ಟ. ಹೆಂಡತಿಯ ಮಾತಾದರೆ ಕೇಳುತ್ತಾರೆ. ಮಣೆಯ ಹತ್ತಿರ ಫೋನು ಹಿಡಿಯುತ್ತೇನೆ, ಇನ್ನು ಹೊರಡಿ, ಮತ್ತೆ ಬರಬೇಡಿ ಎಂದು ನಿಮ್ಮ ಭಾಷೆಯಲ್ಲಿ ಒಂದು ಸಲ ಹೇಳಿ, ಆಮೇಲೆ ಎಲ್ಲಿಗೂ ಬರುವುದಿಲ್ಲ.

ಫೋನನ್ನು ಕಿವಿಗೆ ಒತ್ತಿಕೊಂಡೆ. ಆ ಕಡೆ ಒಲೆಯ ಚಿಟಪಟ ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು. ಯಾರೋ ಫೋನಿನ ತೀರ ಹತ್ತಿರಕ್ಕೆ ಬಂದಂತಾಯಿತು. ಹೊರಡಿ ಅನ್ನಲೆಂದೇ ನಾನು ಬಾಯಿ ತೆರೆದದ್ದು.

"ರೀ," ಅಂದೆ, "ಊಟ ಆಯ್ತಾ?"