ರುದ್ರಪಟ್ಟಣದ ಕಿವಿ

ರುದ್ರಪಟ್ಟಣದಲ್ಲಿ ಹುಟ್ಟಿದವನಿಗೆ ಹಾಡು ಬರದಿದ್ದರೆ ಪಿಟೀಲು, ಪಿಟೀಲು ಬರದಿದ್ದರೆ ಮೃದಂಗ, ಅದೂ ಬರದಿದ್ದರೆ ಯಾರ ಹಿಂದಾದರೂ ಕೂತು ತಂಬೂರಿ ಮೀಟುವ ಕೆಲಸವಾದರೂ ಇದ್ದೇ ಇರುತ್ತದೆ. ಸಂಪತ್ಕುಮಾರ ಇವನ್ನೆಲ್ಲ ಒಂದೊಂದಾಗಿ ದಾಟಿ, ಕೊನೆಗೆ ಹಾಸನದ ಬಿ.ಎಂ. ರಸ್ತೆಯ ಪಕ್ಕ ಒಂದು ತಗಡಿನ ಶೆಡ್ಡಿನಲ್ಲಿ ಲಾರಿ ಇಂಜಿನ್ನುಗಳ ಮುಂದೆ ಬಂದು ನಿಂತ. ಕಂಠ ಒಡಕು, ಬೆರಳು ದಪ್ಪ, ತಾಳ ಅವನಿಗೆ ಯಾವತ್ತೂ ಸಿಕ್ಕಿದ್ದಿಲ್ಲ. ಕಿವಿಯೊಂದು ಮಾತ್ರ ಭಯಂಕರ ಸೂಕ್ಷ್ಮ. ಹದಿನೈದು ವರ್ಷ ಪಾಠ ಹೇಳಿ ಸೋತ ಸೋದರತ್ತೆ ಗೋದಮ್ಮ, "ದೇವರು ಇವನಿಗೆ ಕಿವಿ ಕೊಟ್ಟ, ಮಿಕ್ಕಿದ್ದನ್ನ ಕೊಡೋದು ಮರೆತುಬಿಟ್ಟ" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರು. ಅತ್ತೆಯಿಂದ ಅವನಿಗೆ ಸಿಕ್ಕ ಸರ್ಟಿಫಿಕೇಟು ಇದೊಂದೇ.

ತೊಂಬತ್ತಮೂರರಲ್ಲಿ ಹೊರರಾಜ್ಯದ ಒಂದು ಕಂಪನಿ ಹಳೇ ಡೀಸೆಲ್ ಲಾರಿಗಳಿಗೆ ಹಾಕುವ ಟರ್ಬೊ ಕಿಟ್ ತಯಾರಿಸತೊಡಗಿತು. ಸೈಲೆನ್ಸರಿಗೆ ಹೋಗುವ ಹೊಗೆಯ ರಭಸದಿಂದಲೇ ಒಂದು ಸಣ್ಣ ಫ್ಯಾನು ತಿರುಗಿಸಿ, ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಉಪಾಯ ಅದು. ಘಾಟಿಯಲ್ಲಿ ಏದುಸಿರು ಬಿಡುವ ಮುದಿ ಲಾರಿ ಟರ್ಬೊ ಹಾಕಿದ ಮೇಲೆ ಒಂದು ಹೆಚ್ಚಿನ ಗೇರಿನಲ್ಲೇ ಹತ್ತುತ್ತದೆ ಎಂಬುದು ಕಂಪನಿಯ ವಾದ, ಅದು ನಿಜವೂ ಆಗಿತ್ತು. ಸಂಪತ್ಕುಮಾರ ಹತ್ತು ದಿನ ಅವರಲ್ಲಿಗೆ ಹೋಗಿ ಕಲಿತು, ಇಡೀ ಹಾಸನ ಜಿಲ್ಲೆಗೆ ಒಬ್ಬನೇ ಟರ್ಬೊ ಫಿಟ್ಟರಾಗಿ ವಾಪಸು ಬಂದ.

ನಮ್ಮ ಲಾರಿ ಮಾಲೀಕರಿಗೆ ಗಾಳಿಯ ಲೆಕ್ಕಾಚಾರ ಯಾರಿಗೆ ಬೇಕಿತ್ತು? ಅವರಿಗೆ ಬೇಕಾಗಿದ್ದದ್ದು ಶಿಳ್ಳೆ. ಟರ್ಬೊ ತಿರುಗುವಾಗ ಸುಂಯ್ ಎಂದು ಏರುವ ಶಿಳ್ಳೆ ಕೇಳಿದರೆ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಬೋಂಡ ತಿನ್ನುತ್ತಿದ್ದವರೂ ತಿರುಗಿ ನೋಡುತ್ತಿದ್ದರು. ಕಿಟ್ ಹಾಕಿಸಿದವರು ಲಾರಿ ಹಿಂದೆ ದಪ್ಪಕ್ಷರದಲ್ಲಿ 'ಟರ್ಬೊ' ಎಂದು ಬರೆಸಿದರು. ಹಾಕಿಸದವರೂ ಬರೆಸಿದರು. ಅರಕಲಗೂಡಿನ ನಂಜಯ್ಯನಂತೂ ಶೆಡ್ಡಿಗೇ ಬಂದು, "ಮಿಸನ್ನು ಬ್ಯಾಡ ಸಾಮಿ, ಬರೀ ಶಿಳ್ಳೆ ಆಕ್ಕೊಡಿ, ಎಷ್ಟಾಯ್ತದೆ?" ಎಂದು ಕೇಳಿದ.

ಸಂಪತ್ಕುಮಾರ ಹೆಸರು ಮಾಡಿದ್ದು ಮಾತ್ರ ಕಿವಿಯಿಂದಲೇ. ಸರ್ವೀಸಿಗೆ ಬಂದ ಲಾರಿಯನ್ನು ರೇಸ್ ಮಾಡಿಸಿ, ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಟರ್ಬೊಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚುತ್ತಿದ್ದ. "ನಿಷಾದ ಸ್ವಲ್ಪ ಏರಿದೆ. ಬೇರಿಂಗು ಇನ್ನೆರಡು ತಿಂಗಳು" ಎನ್ನುತ್ತಿದ್ದ. ನಿಷಾದವೆಂದರೆ ಸಪ್ತಸ್ವರದಲ್ಲಿ ಕೊನೆಯದೆಂದು ಲಾರಿಯವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಸರಿಯಾಗಿ ಎರಡು ತಿಂಗಳಿಗೆ ಬೇರಿಂಗು ಹೋಗುತ್ತಿತ್ತು. ಪೈಪು ಬಿಚ್ಚಿ, ಒಳಗಿನ ಶಾಫ್ಟನ್ನು ಬೆರಳಿನಿಂದ ಅಲ್ಲಾಡಿಸಿ ನೋಡಬೇಕೆಂದು ಕಂಪನಿಯವರು ಕಲಿಸಿದ್ದರು. ಅರ್ಧ ಗಂಟೆಯ ಕೆಲಸ. ಅದೆಲ್ಲ ಕಿವಿಯಿಲ್ಲದವರ ಕಸುಬು ಎಂದು ಇವನು ಅದನ್ನು ಮೊದಲ ವರ್ಷವೇ ಕೈಬಿಟ್ಟಿದ್ದ.

ಎರಡು ಸಾವಿರದ ಹೊತ್ತಿಗೆ ಗಾಳಿ ತಿರುಗಿತು. ಹೊಸ ಲಾರಿಗಳಿಗೆ ಫ್ಯಾಕ್ಟರಿಯಲ್ಲೇ ಟರ್ಬೊ ಕೂರಿಸಿ ಕಳಿಸತೊಡಗಿದರು. ಫೈನಾನ್ಸಿನವರು ಟೈ ಕಟ್ಟಿಕೊಂಡು ಮನೆಬಾಗಿಲಿಗೇ ಬಂದು ಸಾಲ ಕೊಡುತ್ತೇವೆಂದು ದುಂಬಾಲು ಬಿದ್ದರು. ಮುದಿ ಲಾರಿಗೆ ಕಿಟ್ ಹಾಕಿಸುವುದೆಂದರೆ ತಾತನಿಗೆ ಜೀನ್ಸ್ ಪ್ಯಾಂಟು ತೊಡಿಸಿದ ಹಾಗೆ ಎಂದು ಜನ ನಗತೊಡಗಿದರು. ವಾರಕ್ಕೆ ಎರಡು ಕಿಟ್ ಹಾಕುತ್ತಿದ್ದ ಶೆಡ್ಡಿನಲ್ಲಿ ತಿಂಗಳಿಗೊಂದು ಬಂದರೆ ಹಬ್ಬ. ಸಂಪತ್ಕುಮಾರ ಸೋಲೊಪ್ಪುವ ಜಾತಿಯಲ್ಲ. "ಹೊಸ ಲಾರೀದೂ ಒಂದು ಟರ್ಬೊನೇನ್ರೀ? ಶಿಳ್ಳೆಯೇ ಇಲ್ಲ, ಮೂಗಬಸಪ್ಪ!" ಎಂದು ಎದುರಿಗೆ ಸುಂಯ್ಗುಡುತ್ತ ನಿಂತಿದ್ದ ಹೊಚ್ಚ ಹೊಸ ಲಾರಿಯನ್ನು ತೋರಿಸಿ ಹೇಳುತ್ತಿದ್ದ. ಕೇಳಿದವರು ಮುಖ ಮುಖ ನೋಡಿಕೊಂಡು ತಲೆಯಾಡಿಸುತ್ತಿದ್ದರು. ಅಂಥ ಕಿವಿಯವನು ಹೇಳಿದ ಮೇಲೆ ಏನೋ ಇರಬೇಕು.

ಹಿಂದೆ ಹೆಚ್ಚು ಕಿಟ್ ಮಾರಿದ್ದಕ್ಕೆ ಕಂಪನಿಯವರು ಅವನಿಗೊಂದು ಡಿಜಿಟಲ್ ವಾಚು ಕೊಟ್ಟಿದ್ದರು. ಗಂಟೆಗೊಮ್ಮೆ ಕೀಂ ಕೀಂ ಎನ್ನುವಂಥದ್ದು. ಎರಡು ಸಾವಿರದ ಒಂದರಲ್ಲಿ ಅದು ಕೂಗುವುದನ್ನು ನಿಲ್ಲಿಸಿತು. ಕಿಟ್ಟಿನ ವ್ಯಾಪಾರದ ಹಾಗೇ ಇದೂ ಕೈಕೊಟ್ಟಿತು ಎಂದು ಬೈದುಕೊಂಡು ಅದನ್ನು ರಿಪೇರಿ ಅಂಗಡಿಗೆ ಒಯ್ದ. ಅಂಗಡಿಯವನು ಗುಂಡಿ ಒತ್ತಿ ಕಿವಿಗೆ ಹಿಡಿದುಕೊಂಡ.

"ಕೂಗ್ತಾ ಐತಲ್ಲ ಸಾ."

"ಎಲ್ಲಯ್ಯಾ ಕೂಗ್ತಿದೆ?"

"ಇಕಾ, ಈಗ್ಲೂ ಕೂಗ್ತಾ ಐತೆ!" ಎಂದು ಅವನು ವಾಚನ್ನು ಇವನ ಕಿವಿಗೇ ಒತ್ತಿದ. ಸಂಪತ್ಕುಮಾರನಿಗೆ ಏನೂ ಕೇಳಿಸಲಿಲ್ಲ.

ಮನೆಗೆ ಬಂದು ಹೆಂಡತಿ ಆರತಿಯನ್ನು ಕೇಳಿದರೆ ಅವಳು, "ನಿಮ್ಮ ವಾಚಿನ ಕಾಟಕ್ಕೆ ಒಂದು ದಿನ ನೆಮ್ಮದಿಯಾಗಿ ನಿದ್ದೆ ಮಾಡಿಲ್ಲ ನಾನು" ಎಂದಳು. ಆಗ ಅವನಿಗೆ ಎಲ್ಲವೂ ಅರ್ಥವಾಯಿತು. ಎಂಟು ವರ್ಷ ಶಿಳ್ಳೆಗೆ ಒಡ್ಡಿಕೊಂಡ ಕಿವಿಯಲ್ಲಿ ಮಾತು ಕೇಳುತ್ತಿತ್ತು, ಹಾರನ್ನು ಕೇಳುತ್ತಿತ್ತು, ಮೇಲಿನ ಸಣ್ಣ ಸದ್ದು ಮಾತ್ರ ಪೂರ್ತಿ ಸತ್ತುಹೋಗಿತ್ತು. ಹೊಸ ಲಾರಿಗಳು ಮೂಗರಾಗಿರಲಿಲ್ಲ, ಇವನು ಕಿವುಡನಾಗಿದ್ದ. ದುಃಖ ಒತ್ತರಿಸಿ ಬಂತು. ಆದರೆ ಅದನ್ನು ಯಾರೊಂದಿಗೆ ಹೇಳಿಕೊಳ್ಳುವುದು? ಇದ್ದದ್ದೇ ಒಂದು ಕಿವಿಯ ಹೆಸರು. ಅದೂ ಹೋದರೆ ತಗಡಿನ ಶೆಡ್ಡಿನಲ್ಲಿ ತಗಡು ಮಾತ್ರ ಉಳಿಯುತ್ತದೆ.

ಅದೇ ಸಮಯಕ್ಕೆ ಚನ್ನರಾಯಪಟ್ಟಣದ ಕೃಷ್ಣಪ್ಪ ಬಂದ. ನಾಲ್ಕು ಹಳೇ ಲಾರಿಗಳ ಧಣಿ. ಹಾಸನದಿಂದ ಮಂಗಳೂರಿಗೆ ಆಲೂಗಡ್ಡೆ, ಅಲ್ಲಿಂದ ವಾಪಸು ಹೆಂಚು. ನಾಲ್ಕರಲ್ಲಿ ಒಂದಕ್ಕೆ ಸಂಪತ್ಕುಮಾರನೇ ಕಿಟ್ ಹಾಕಿದ್ದ, ಈಗ ಪರೀಕ್ಷೆಗೆ ಬಂದದ್ದು ಅದೇ ಲಾರಿ. ಕೃಷ್ಣಪ್ಪ ಹಿಂದುಮುಂದು ನೋಡದೆ ಹೇಳಿದ: "ಈ ವರ್ಸ ಇದೊಂದು ತೊಂದ್ರೆ ಕೊಡ್ದಂಗೆ ಓಡುದ್ರೆ ಮಿಕ್ಕ ಮೂರುಕ್ಕೂ ಕಿಟ್ಟು ಆಕುಸ್ತೀನಿ. ಇಲ್ಲಾಂದ್ರೆ ನಾಕುನ್ನೂ ಗುಜರಿಗಾಕಿ ಹೊಸಾವು ತತ್ತೀನಿ. ಏನಂತೀರಿ?" ಅವನ ಜೊತೆ ಇನ್ನೂ ಐದಾರು ಮಾಲೀಕರು ಬಂದಿದ್ದರು. ಕೃಷ್ಣಪ್ಪ ಮಾಡಿದ್ದನ್ನೇ ಅವರೂ ಮಾಡುವವರು. ಶೆಡ್ಡು ಉಳಿಯುವುದೋ ಬಿಡುವುದೋ ಈ ಒಂದು ಲಾರಿಯ ಮೇಲೆ ನಿಂತಿತು.

ಡ್ರೈವರ್ ದ್ಯಾವಯ್ಯ ರೇಸ್ ಕೊಟ್ಟ. ಸಂಪತ್ಕುಮಾರ ಸ್ಕ್ರೂ ಡ್ರೈವರ್ ಒತ್ತಿ ಕಣ್ಣು ಮುಚ್ಚಿದ. ಇಂಜಿನ್ನಿನ ಗುಡುಗು ಬಿಟ್ಟರೆ ಬೇರೇನೂ ಇಲ್ಲ. ಅರ್ಧ ಗಂಟೆ ಕೊಟ್ಟರೆ ಪೈಪು ಬಿಚ್ಚಿ ಬೆರಳಿನಿಂದ ಅಲ್ಲಾಡಿಸಿ ನೋಡಬಹುದಿತ್ತು. ಆದರೆ ಸುತ್ತ ಅಷ್ಟು ಜನ ಬಾಯಿ ಬಿಟ್ಟುಕೊಂಡು ನಿಂತಿದ್ದಾರೆ, ರುದ್ರಪಟ್ಟಣದ ಕಿವಿ ಸ್ಪ್ಯಾನರು ಹುಡುಕಿಕೊಂಡು ಹೋಗುವುದೆ? ಛೆ! ಕಣ್ಣು ತೆರೆದು, "ಶುದ್ಧವಾಗಿದೆ. ಒಂದು ವರ್ಷ ಮುಟ್ಟೋ ಹಾಗಿಲ್ಲ" ಎಂದ. ಮಾಲೀಕರು ತಲೆದೂಗಿದರು. ದ್ಯಾವಯ್ಯ ಮಾತ್ರ ಒಂದು ಗಳಿಗೆ ಏನೋ ಹೇಳುವವನ ಹಾಗೆ ನಿಂತಿದ್ದು ಲಾರಿ ಹತ್ತಿದ.

ಹನ್ನೊಂದನೇ ದಿನ ಶಿರಾಡಿ ಘಾಟಿಯಲ್ಲಿ ಹೆಂಚು ಹೇರಿಕೊಂಡು ಹತ್ತುತ್ತಿದ್ದಾಗ ಟರ್ಬೊ ಬೇರಿಂಗು ಒಡೆಯಿತು. ಅದರ ಆಯಿಲ್ಲು ಇಂಜಿನ್ನಿನೊಳಕ್ಕೆ ನುಗ್ಗಿ, ಇಂಜಿನ್ನು ಅದನ್ನೇ ಕುಡಿದು ಹುಚ್ಚೆದ್ದು ಕಿರುಚತೊಡಗಿತು. ಆಫ್ ಮಾಡಿದರೂ ನಿಲ್ಲದು. ಲಾರಿ ಪ್ರಪಾತದ ಕಡೆಗೆ ಎಳೆಯುತ್ತಿದ್ದಂತೆ ದ್ಯಾವಯ್ಯ ಸ್ಟೇರಿಂಗ್ ತಿರುವಿ ಗುಡ್ಡದ ಬದಿಗೆ ಗುದ್ದಿಸಿ ನಿಲ್ಲಿಸಿದ. ಅವನ ಎಡಗೈ ಎರಡು ಕಡೆ ಮುರಿಯಿತು.

ಕಿಟ್ ಹಾಕಿಸಿದರೆ ಇಂಜಿನ್ನಿಗೆ ದೆವ್ವ ಹಿಡಿಯುತ್ತದೆ ಎಂಬ ಸುದ್ದಿ ಹದಿನೈದು ದಿನದಲ್ಲಿ ಅರಕಲಗೂಡಿನವರೆಗೂ ಹೋಯಿತು. ಚೆನ್ನಾಗಿ ಓಡುತ್ತಿದ್ದ ಲಾರಿಗಳಿಂದಲೂ ಟರ್ಬೊ ಕಿತ್ತುಹಾಕಿದರು. ಸಂಪತ್ಕುಮಾರನನ್ನು ಒಬ್ಬರೂ ಬೈಯಲಿಲ್ಲ, "ಪಾಪ, ಕಂಪ್ನಿಯೋರು ಮೋಸ ಮಾಡುದ್ರು" ಎಂದರು. ಅವನಿಗೆ ಅದೇ ತಡೆಯಲಾರದ್ದಾಯಿತು. ದ್ಯಾವಯ್ಯನ ಕೈ ನೆನೆದರೆ ಅನ್ನ ಇಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಸ್ಸು ಹತ್ತಿ ಚನ್ನರಾಯಪಟ್ಟಣಕ್ಕೆ ಹೋಗಿ ಕೃಷ್ಣಪ್ಪನ ಅಂಗಳದಲ್ಲಿ ನಿಂತ.

"ಟರ್ಬೊ ತಪ್ಪಲ್ಲ ಕೃಷ್ಣಪ್ಪನೋರೆ. ನನಗೆ ಕಿವಿ ಹೋಗಿದೆ. ಅವತ್ತು ನನಗೆ ಏನೂ ಕೇಳಿಸಿರಲಿಲ್ಲ. ಸುಳ್ಳು ಹೇಳಿದೆ."

ಕೃಷ್ಣಪ್ಪ ಗಟ್ಟಿಯಾಗಿ ನಕ್ಕ. "ನಾನ್ ಏಳಿದ್ದು ಕೇಳುಸ್ತಾ ಐತೋ ಇಲ್ವೋ?"

"ಮಾತು ಕೇಳುತ್ತೆ. ಶಿಳ್ಳೆ ಕೇಳಲ್ಲ."

"ನನ್ ಕಿವಿ ಮ್ಯಾಲೆ ಊವ ಇಡಬ್ಯಾಡಿ ಸಾಮಿ! ರುದ್ರಪಟ್ಣದ ಕಿವಿ ಕೆಡೋದುಂಟಾ? ಕಂಪ್ನಿಯೋರ ಮಾನ ಉಳ್ಸಕ್ಕೋಗಿ ನಿಮ್ ತಲೆ ಮ್ಯಾಲೆ ಯಾಕಾಕ್ಕೊಂಡೀರಿ? ನೀವು ದೊಡ್ಡೋರು. ನಾಕು ಲಾರೀನೂ ಮಾರಾಯ್ತು, ಬಿಡಿ. ಕಾಪಿ ಕುಡ್ಕೊಂಡೋಗಿ."

ಸಂಪತ್ಕುಮಾರ ಎಷ್ಟು ಬಿಡಿಸಿ ಹೇಳಿದರೂ ಕೃಷ್ಣಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಳ್ಳು ಹೇಳಿದಾಗ ತಲೆದೂಗಿದ್ದ ಮನುಷ್ಯ, ನಿಜ ಹೇಳಿದಾಗ ಬೆನ್ನು ತಟ್ಟಿ ಕಳಿಸಿದ.

ಅಂಗಳದ ಆಚೆ ಜಗಲಿಯ ಮೇಲೆ ಪಟ್ಟಿ ಕಟ್ಟಿದ ಕೈ ಎದೆಗಾನಿಸಿಕೊಂಡು ದ್ಯಾವಯ್ಯ ಕೂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಸಂಪತ್ಕುಮಾರ ಅವನ ಪಕ್ಕ ಕೂತ.

"ಅವತ್ತು ನಂಗೆ ಕೇಳುಸ್ತಿತ್ತು ಸಾಮಿ," ಎಂದ ದ್ಯಾವಯ್ಯ ತಗ್ಗಿದ ದನಿಯಲ್ಲಿ. "ಕಬ್ಣ ತೇದಂಗೆ ಕಿರ್ ಅಂತಿತ್ತು. ಒಂದು ವಾರದಿಂದ್ಲೂ ಅಂತಿತ್ತು."

"ಮತ್ತೆ ಯಾಕಯ್ಯಾ ಹೇಳಲಿಲ್ಲ?"

"ನೀವು ಶುದ್ದವಾಗೈತೆ ಅಂದ್ರಲ್ಲ. ನನ್ ಕಿವೀನೇ ಕೆಟ್ಟೈತೆ ಅನ್ಕೊಂಡೆ."