ಉದುರದ ಹಳದಿ

ಆಲ್ಪ್ಸ್ ಪರ್ವತದ ಟಿರೋಲ್‌ ಸೀಮೆಯ ಒಂದು ಕಣಿವೆಯಲ್ಲಿ ಕ್ರೆಸೆನ್ಸ್ ಕಾಡು ಕಾಯಲು ಶುರುಮಾಡಿ ಮೂವತ್ತಾರು ವರ್ಷ. ಊರಿಗೆಲ್ಲ ಆಕೆ ಝೆನ್ಸಿ. ಯಾವ ಮರ ಕಡಿಯಬೇಕು, ಯಾವುದನ್ನು ಬಿಡಬೇಕು ಎಂದು ಗುರುತು ಹಾಕುವವಳು ಅವಳೇ. ಪಾದ್ರಿಯ ಜೊತೆ ವಾದಕ್ಕಿಳಿದವರು ಊರಲ್ಲಿ ಇದ್ದರು, ಝೆನ್ಸಿಯ ಜೊತೆ ಇಳಿದವರಿಲ್ಲ. ಅದೇ ಕೊನೆಗೆ ಮುಳುವಾಯಿತು.

ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ದಾಗ ಅವಳದು ಒಂದೇ ಪಾಠ.

"ಸೂಜಿ ಎಲೆ ಇದ್ದದ್ದೆಲ್ಲ ವರ್ಷಪೂರ್ತಿ ಹಸಿರಿರತ್ತೆ ಅಂತ ತಿಳೀಬೇಡಿ. ಸ್ಪ್ರೂಸ್ ಹಿಮದಲ್ಲೂ ಹಸಿರು. ಲಾರ್ಚ್‌ಗೂ ಸೂಜಿ ಎಲೇನೇ, ಆದ್ರೆ ಅದು ಅಗಲ ಎಲೆಯ ಬೀಚ್ ಮರದ ಹಾಗೆ ಹಳದಿಯಾಗಿ, ಎಲ್ಲಾ ಉದುರಿಸಿ ಬೋಳಾಗತ್ತೆ. ಬೋಳಾಗಿದೆ ಅಂತ ಸತ್ತಿಲ್ಲ, ಹಸಿರಾಗಿದೆ ಅಂತ ಬದುಕಿದೆ ಅನ್ನೋ ಹಾಗೂ ಇಲ್ಲ."

ಆ ವರ್ಷ ಮಳೆ ಕೈಕೊಟ್ಟಿತ್ತು. ಸೆಪ್ಟೆಂಬರ್ ಮೊದಲ ವಾರ ಅವಳ ತಮ್ಮ ಫೀರ್ಮಿನ್ ಹಿತ್ತಲಲ್ಲಿ ನಿಂತು ಮೇಲಕ್ಕೆ ಬೆರಳು ತೋರಿಸಿದ. ಅವನ ಮನೆ ಇಳಿಜಾರಿನ ಬುಡದಲ್ಲಿತ್ತು. ಮೇಲಿನ ಮರಗಳು ತಡೆಯದಿದ್ದರೆ ಚಳಿಗಾಲದ ಹಿಮವೆಲ್ಲ ಜಾರಿ ಬರುವುದು ಅವನ ಅಡುಗೆಮನೆಗೇ.

"ಅಕ್ಕಾ, ಅಲ್ಲಿ ಹಳದಿ ಬೇಗ ಬಂತಲ್ಲ?"

"ಲಾರ್ಚ್ ಕಣೋ. ನೀರಿಲ್ದೆ ಬೇಗ ಬಣ್ಣ ತಿರುಗಿದೆ."

"ಅಲ್ಲಿ ಸ್ಪ್ರೂಸ್ ಇತ್ತು ಅಂತ ನೆನಪು."

"ನೀನು ನಿನ್ನ ಹಸು ನೋಡ್ಕೋ. ಕಾಡು ನಂಗೆ ಬಿಡು."

ಅವಳ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಯಾರಿಗೂ ಹೇಳಿರಲಿಲ್ಲ. ನಿವೃತ್ತಿಗೆ ಇನ್ನೊಂದೇ ವರ್ಷ. ಕಣ್ಣು ಮಂಜಾದವಳ ಕೈಗೆ ಕಾಡು ಕೊಡುವವರು ಯಾರು?

ಅಕ್ಟೋಬರ್‌ನಲ್ಲಿ ಲಾರ್ಚ್‌ಗಳು ನಿಜವಾಗಿಯೂ ಹಳದಿಯಾದವು. ಗುಡ್ಡಕ್ಕೆಲ್ಲ ಅರಿಸಿನ ಬಳಿದ ಹಾಗಿತ್ತು. ಆ ಹಳದಿಯಲ್ಲಿ ಫೀರ್ಮಿನ್ ತೋರಿಸಿದ್ದ ಹಳದಿ ಬೆರೆತುಹೋಯಿತು. ನವೆಂಬರ್ ಗಾಳಿಗೆ ಲಾರ್ಚ್‌ಗಳೆಲ್ಲ ಬೋಳಾದವು. ಫೀರ್ಮಿನ್‌ನ ಮನೆಯ ನೆತ್ತಿಯ ಮೇಲಿನ ಆ ಹತ್ತು ಮರ ಮಾತ್ರ ಉದುರಿಸಲಿಲ್ಲ, ಕೆಂಪಗಾಗುತ್ತ ಹೋದವು. ಝೆನ್ಸಿಯ ಮಸುಕು ಕಣ್ಣಿಗೂ ಅದು ಕಂಡಿತು.

ಕೈಗೊಡಲಿ ಹಿಡಿದು ಹತ್ತಿದಳು. ತೊಗಟೆ ಸವರಿದ ಕೂಡಲೇ ಕೈ ಹೇಳಿತು, ಸ್ಪ್ರೂಸ್ ಎಂದು. ಬುಡದಲ್ಲಿ ಕಾಫಿಪುಡಿ ಚೆಲ್ಲಿದಂಥ ಹುಡಿ. ತೊಗಟೆ ಎಬ್ಬಿಸಿದರೆ ಒಳಗೆಲ್ಲ ಹುಳ ಕೊರೆದ ಸಾಲು ಸಾಲು ಗೀರು, ಪುಸ್ತಕದ ಪುಟಕ್ಕೆ ಅಚ್ಚು ಹಾಕಿದ ಹಾಗೆ. ಆ ಹುಳಕ್ಕೆ ಅಲ್ಲಿಯವರು 'ಅಚ್ಚಿನವನು' ಎನ್ನುವುದು ಅದಕ್ಕೇ. ಇವು ಹೋದರೆ ಹೋಗಲಿ ಎಂದು ಪಕ್ಕದ ಹಸಿರು ಮರಕ್ಕೆ ಕೊಡಲಿ ತಾಗಿಸಿದಳು. ಅಲ್ಲೂ ಅದೇ ಅಚ್ಚು. ಅದರಾಚೆಯದು, ಅದರಾಚೆಯದು, ಸಂಜೆಯವರೆಗೂ ನೋಡಿದಳು. ಆ ಇಳಿಜಾರಿನಲ್ಲಿ ಜೀವವಿದ್ದದ್ದು ಬೋಳು ನಿಂತಿದ್ದ ಏಳು ಲಾರ್ಚ್‌ಗಳಿಗೆ ಮಾತ್ರ. ಸೆಪ್ಟೆಂಬರ್‌ನಲ್ಲೇ ಆ ಹತ್ತನ್ನು ಕಡಿದು ಸಾಗಿಸಿದ್ದರೆ ಉಳಿದವು ಉಳಿಯುತ್ತಿದ್ದವು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಗುಡ್ಡ ಹಸಿರಾಗೇ ಇದೆಯಲ್ಲಕ್ಕಾ," ಎಂದ ಫೀರ್ಮಿನ್, ಅಂದು ರಾತ್ರಿ ತನ್ನ ಅಡುಗೆಮನೆಯಲ್ಲಿ ಅವಳ ಮುಂದೆ ಸೂಪಿನ ಬಟ್ಟಲು ಇಡುತ್ತ.

"ಆ ಹಸಿರು ಸುಳ್ಳು ಕಣೋ. ಎಲ್ಲಾ ಕಡೀಬೇಕು. ಇಲ್ಲಾಂದ್ರೆ ಮೇ ತಿಂಗಳಲ್ಲಿ ಹುಳ ಹಾರಿ ಇಡೀ ಕಣಿವೆ ತಿನ್ನತ್ತೆ."

"ಕಡಿದ್ರೆ ಹಿಮ ತಡೆಯೋದು ಯಾವುದು?"

ಒಲೆಯ ಪಕ್ಕದ ತೊಟ್ಟಿಲಲ್ಲಿ ಅವನ ಮೊಮ್ಮಗಳು ನಿದ್ದೆಹೋಗಿದ್ದಳು.

"ಲಾರ್ಚ್ ಅಂದಿದ್ದೆ ನೀನು."

"ಅಂದಿದ್ದೆ."

ಅವನು ಚಮಚ ಚಾಚಿದ. ದೀಪದ ಬೆಳಕಿಗೆ ಕಣ್ಣು ಕುಕ್ಕಿ, ಅವಳ ಕೈ ಚಮಚದ ಪಕ್ಕದಲ್ಲಿ ಬರೀ ಗಾಳಿ ಹಿಡಿಯಿತು. ಫೀರ್ಮಿನ್ ಅವಳ ಮುಖವನ್ನೇ ನೋಡಿದ.

"ಎಷ್ಟು ದಿನದಿಂದ ಹೀಗಿದೆ ಕಣ್ಣು?"

"ಎರಡು ವರ್ಷ."

ಅವನು ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ, ಮಗು ಏಳದಂತೆ ಮೆಲ್ಲಗೆ ತೊಟ್ಟಿಲನ್ನೇ ಎತ್ತಿಕೊಂಡ.

"ಇನ್ನು ಈ ಗುಡ್ಡದ ಬುಡದಲ್ಲಿ ಮಗೂನ ಮಲಗಿಸೋ ಹಾಗಿಲ್ಲ. ಬಾಗಿಲಾದ್ರೂ ಕಾಣತ್ತಾ? ತೆಗಿ."

ತೆಗೆದಳು. ಹೊರಗೆ ಆ ವರ್ಷದ ಮೊದಲ ಹಿಮ ಬೀಳುತ್ತಿತ್ತು.