ಒಂದು ದಿನ ಮೊದಲೇ ಬಂದ ಬನ್ನಿ

೧೧ ಅಕ್ಟೋಬರ್ ೨೦೨೪, ಶುಕ್ರವಾರ. ಆಧಾರ: ನನ್ನ ದಿನಚರಿಯಲ್ಲಿ ಆ ದಿನದ ಪುಟ. ಅದನ್ನು ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನೊಂದಿಗೆ ಹೋಲಿಸಿ ನೋಡಿದ್ದೇನೆ. ಕ್ಯಾಲೆಂಡರಿನಲ್ಲಿ ಶುಕ್ರವಾರದ ಚೌಕದಲ್ಲಿ ಆಯುಧಪೂಜೆ ಎಂದಿದೆ, ಶನಿವಾರದ ಚೌಕದಲ್ಲಿ ವಿಜಯದಶಮಿ. ಶನಿವಾರದ ಮೇಲೆಯೇ ನನ್ನ ಹೆಂಡತಿಯ ಅಕ್ಷರದಲ್ಲಿ ‘ಹಾಲು ಎರಡು ಲೀಟರ್’ ಎಂದೂ ಇರುವುದರಿಂದ ದಾಖಲೆಯ ನೈಜತೆಯನ್ನು ಸಂಶಯಿಸಲು ಕಾರಣವಿಲ್ಲ.

ನಿವೃತ್ತನಾಗುವ ಮೊದಲು ನನ್ನ ಕೆಲಸ ಕಲ್ಲುಗಳ ಜೊತೆಗಿತ್ತು. ಮುಧೋಳ, ಬೀಳಗಿಗಳ ಸುತ್ತಮುತ್ತ ಹೊಲದ ಬದುವಿನಲ್ಲಿ, ಗುಡಿಯ ಹಿಂದೆ, ಕೆಲವೊಮ್ಮೆ ಬಟ್ಟೆ ಒಗೆಯುವ ಜಾಗದಲ್ಲಿ ಬಿದ್ದಿದ್ದ ವೀರಗಲ್ಲು, ಶಾಸನಗಳ ಕಾಲವನ್ನು ನಿರ್ಣಯಿಸುವುದು. ನಿವೃತ್ತಿಯ ನಂತರ ಜಮಖಂಡಿಯಲ್ಲಿ ಮನೆ ಹಿಡಿದು ಕುಳಿತೆ. ಬನಹಟ್ಟಿಯ ಒಂದು ಓಣಿಯ ಹಿರಿಯರು, ಹೊರಗಿನಿಂದ ಬಂದು ಮಗ್ಗದ ಶೆಡ್ಡುಗಳಲ್ಲಿ ದುಡಿಯುವ ಹುಡುಗ ಹುಡುಗಿಯರಿಗೆ ರವಿವಾರಕ್ಕೊಮ್ಮೆ ಕನ್ನಡ ಕಲಿಸುವಿರಾ ಎಂದು ಕೇಳಿದಾಗ ಒಪ್ಪಿಕೊಂಡೆ. ಓಣಿಯ ಸಭಾಮಂಟಪದಲ್ಲಿ ಒಂದು ಕರಿಹಲಗೆ, ಎರಡು ಜಮಖಾನೆ, ಒಂಬತ್ತು ವಿದ್ಯಾರ್ಥಿಗಳು. ನಾಲ್ವರು ಬಿಹಾರದವರು, ಉಳಿದವರು ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಯವರು. ಅವರು ಸಂತೆ, ಬಸ್ಸು, ದವಾಖಾನೆಗಳ ಮಾತು ಕಲಿಯಲು ಬಂದಿದ್ದರು. ನಾನು ಹಳಗನ್ನಡದ ಒಂದು ಶಾಸನಪಾಠದಿಂದ ಆರಂಭಿಸಿದೆ. ಎರಡನೆಯ ರವಿವಾರ ಏಳು ಜನ ಬಂದರು.

ಆ ಏಳು ಜನರಲ್ಲಿ ಒಬ್ಬಳು ಬೀಡದ ಕಡೆಯ ಇಪ್ಪತ್ತರ ಹುಡುಗಿ. ಅವಳ ತಂದೆತಾಯಿ ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಎತ್ತಿನ ಗಾಡಿಯಲ್ಲಿ ಬಂದು ಹಿಪ್ಪರಗಿಯ ಕಡೆ ಕಬ್ಬು ಕಡಿಯುತ್ತಿದ್ದರು. ಹಂಗಾಮು ಮುಗಿದ ಮೇಲೆ ಊರಿಗೆ ಮರಳುತ್ತಿದ್ದರು. ಆ ವರ್ಷ ಇವಳು ಮಾತ್ರ ಮರಳಲಿಲ್ಲ. ಬನಹಟ್ಟಿಯ ಒಂದು ಶೆಡ್ಡಿನಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಕೆಲಸ ಹಿಡಿದು, ಜೊತೆಗೆ ದುಡಿಯುವ ಹೆಂಗಸೊಬ್ಬಳ ಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದಳು. ಕನ್ನಡವನ್ನು ಅವಳು ಶೆಡ್ಡಿನಲ್ಲಿಯೇ ಕಲಿತುಬಿಟ್ಟಿದ್ದಳು. ಮಗ್ಗಗಳ ಸದ್ದಿನ ನಡುವೆ ಕಲಿತದ್ದರಿಂದ ತುಸು ಏರುದನಿಯಲ್ಲಿ ಆಡುತ್ತಿದ್ದಳು, ಅಷ್ಟೆ. ನನ್ನ ತರಗತಿಗೆ ಬರುತ್ತಿದ್ದುದು ಓದುಬರಹಕ್ಕಾಗಿ.

ಅವಳಿಗೆ ಬೇಕಾಗಿದ್ದುದು ಬಾಡಿಗೆಗೆ ಒಂದು ಖೋಲಿ. ಊರಲ್ಲಿ ಅವಳಿಗೊಬ್ಬಳು ತಂಗಿ ಇದ್ದಳು, ಹನ್ನೆರಡು ವರ್ಷದವಳು. ದೀಪಾವಳಿಗೆ ತಂದೆತಾಯಿ ಹೊರಟರೆ ತಂಗಿಯೂ ಗಾಡಿ ಏರಬೇಕು. ಕಬ್ಬಿನ ಸೋಗೆಯ ಗುಡಿಸಲಿನಲ್ಲಿದ್ದು, ಹೊಲದಿಂದ ಹೊಲಕ್ಕೆ ತಿರುಗಿ, ವರ್ಷದ ಅರ್ಧ ಶಾಲೆ ಬಿಡಬೇಕು. ಅಕ್ಕ ಹಾಗೆಯೇ ಅರ್ಧರ್ಧ ಓದಿದವಳು. ದೀಪಾವಳಿ ರಜೆಯ ನಂತರ ಸೇರಿಸಿಕೊಳ್ಳುವುದಾಗಿ ಇಲ್ಲಿನ ಶಾಲೆಯ ಮುಖ್ಯೋಪಾಧ್ಯಾಯಿನಿ ಒಪ್ಪಿದ್ದರು. ಆದರೆ ಹುಡುಗಿ ವರ್ಷವಿಡೀ ಇರುವ ಮನೆ ಯಾವುದೆಂದು ತಿಳಿಯಬೇಕು ಎಂದಿದ್ದರು. ಪಡಸಾಲೆಯ ಮೂಲೆಯನ್ನು ಮನೆ ಎನ್ನುವಂತಿರಲಿಲ್ಲ.

ಓಣಿಯಲ್ಲಿ ಖಾಲಿ ಇದ್ದದ್ದು ಒಂದೇ ಖೋಲಿ, ಆಯಿಯ ಹಿತ್ತಿಲಿನದು. ಆಯಿ ಎಂದರೆ ಇಡೀ ಓಣಿಗೇ ಆಯಿ. ಎಪ್ಪತ್ತೆಂಟು ವರ್ಷದ ಆ ನೇಕಾರ ಅಜ್ಜಿ ಮುಂಬಾಗಿಲ ಕೋಣೆಯಲ್ಲಿ ಇನ್ನೂ ಒಂದು ಕೈಮಗ್ಗ ಇಟ್ಟುಕೊಂಡಿದ್ದಳು. ನಾನು ಒಂದು ದಿನವೂ ಶಾಲೆಯಲ್ಲಿ ಕಲಿಸಿದವನಲ್ಲ. ಆದರೂ ಅವಳಿಗೆ ನಾನು ಮಾಸ್ತರ. ಸೆಪ್ಟೆಂಬರಿನಲ್ಲಿ ಹುಡುಗಿಯ ಪರವಾಗಿ ಮಾತಾಡಲು ಹೋದೆ.

“ಹಂಗಾಮಿನ ಮಂದೀಗೆ ಖೋಲಿ ಕೊಡಂಗಿಲ್ಲ ಮಾಸ್ತರ,” ಎಂದಳು. “ಬರ್ತಾರ, ಇರ್ತಾರ, ಒಂದಿನ ನಸಿಕಿನ್ಯಾಗ ಚರಗಿ ತಗೊಂಡು ಹೋಗಿಬಿಡ್ತಾರ.”

“ಚರಿಗೆಯನ್ನು ಕದ್ದೊಯ್ದರೇ?”

“ಚರಗಿ ಅವರದ ಇತ್ತರಿ. ಅದಲ್ಲ ಮಾತು. ಹೇಳದ ಹೋದ್ರು. ಎರಡ ವರ್ಷ ಇದ್ರು, ಅವರ ಕೂಸು ನನ್ನ ತೊಡಿ ಮ್ಯಾಲ ನಡಿಯಾಕ ಕಲೀತು. ಹೇಳದ ಹೋದ್ರು.”

ಇಂಥ ಮಾತಿಗೆ ಸುಮ್ಮನಿರುವುದು ಯೋಗ್ಯವಾಗಿತ್ತು. ನಾನು ಇತಿಹಾಸ ಹೇಳತೊಡಗಿದೆ. ಈ ಊರಿನ ನೇಕಾರ ಮನೆತನಗಳಲ್ಲಿ ಅನೇಕವು ಎಲ್ಲೆಲ್ಲಿಂದಲೋ ಬಂದು ನೆಲೆ ನಿಂತವೇ ಅಲ್ಲವೇ, ನಿಮ್ಮ ಮನೆತನವೂ ಹಾಗೆಯೇ ಇರಬಹುದಲ್ಲವೇ ಎಂದೆ.

“ಇರಬಹುದು ಯಾಕ, ಖರೇನ ಐತಿ. ನಮ್ಮ ಮುತ್ಯಾ ಸೊಲ್ಲಾಪುರದ ಕಡಿಂದ ಬಂದಾಂವ. ಯಾರನೂ ಖೋಲಿ ಕೇಳಲಿಲ್ಲ, ತಾನ ಮನಿ ಕಟ್ಟಿದ.”

“ಅದಕ್ಕೆ ಏನಾದರೂ ಆಧಾರ?”

“ನೀವು ಕುಂತೀರಲ್ಲ, ಅದ ಕಟ್ಟಿ.”

ಕಟ್ಟೆಯಿಂದ ಎದ್ದೆ. ಬಾಗಿಲವರೆಗೆ ಬಂದು ಅವಳು, “ದಸರಾ ಆಗಲಿ, ನೋಡೂಣು,” ಎಂದಳು. ನಮ್ಮ ಕಡೆ ‘ನೋಡೂಣು’ ಎಂದರೆ ಬಹುಪಾಲು ಇಲ್ಲವೆಂದೇ ಎಣಿಸಬೇಕು. ಹುಡುಗಿಗೆ ಇದನ್ನು ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. “ದಸರಾ ಯಾವತ್ತರಿ ಸರ್?”

ಈ ಪ್ರಶ್ನೆಯನ್ನು ಕಾಲನಿರ್ಣಯದಲ್ಲಿ ಜೀವಮಾನ ಕಳೆದವನಿಗೆ ಕೇಳಬಾರದಿತ್ತು. ಅಕ್ಟೋಬರ್ ೬ರ ರವಿವಾರ ತರಗತಿಯಲ್ಲಿ ಉತ್ತರ ಕೊಟ್ಟೆ. ನಲವತ್ತು ನಿಮಿಷ ಹಿಡಿಯಿತು. ಶುಕ್ರವಾರ ಆಯುಧಪೂಜೆಯಾದರೂ ನವಮಿ ತಿಥಿ ಶನಿವಾರ ಹೊತ್ತೇರುವವರೆಗೂ ಇದೆ, ಆಮೇಲೆ ಹತ್ತುವ ದಶಮಿ ರವಿವಾರ ಬೆಳಿಗ್ಗೆಯವರೆಗೂ ಇದೆ, ಸೂರ್ಯೋದಯವನ್ನು ಹಿಡಿದರೆ ಹೀಗೆ, ಸಾಯಂಕಾಲವನ್ನು ಹಿಡಿದರೆ ಹಾಗೆ ಎಂದು ಮೂರೂ ವಾರಗಳನ್ನು ಹಲಗೆಯ ಮೇಲೆ ಬರೆದು ಬಾಣದ ಗುರುತು ಹಾಕಿದೆ. ಬಿಹಾರದ ಒಬ್ಬ ಹುಡುಗ ಗೋಡೆಗೊರಗಿ ನಿದ್ರೆ ಹೋದ. ಅನಂತರ ಬನ್ನಿಯ ಪದ್ಧತಿಯನ್ನು ವಿವರಿಸಿದೆ. ದಶಮಿಯಂದು ಬನ್ನಿ ಗಿಡಕ್ಕೆ ಪೂಜೆಯಾದ ಮೇಲೆ ಕಿರಿಯರು ಹಿರಿಯರ ಮನೆಗೆ ಹೋಗಿ ಎಲೆ ಕೊಟ್ಟು ಕಾಲಿಗೆ ಬೀಳಬೇಕು, ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎನ್ನಬೇಕು.

“ನಮ್ಮೂರಾಗೂ ಹಿಂಗ ಐತ್ರಿ ಸರ್,” ಎಂದಳು ಹುಡುಗಿ. “ನಾವು ಆಪಟ್ಯಾ ಗಿಡದ ಎಲಿ ಕೊಡ್ತೀವಿ. ಅದಕ್ಕ ಬಂಗಾರಂತೀವಿ.”

ಕೇಳುಗರಿಗೆ ವಿಷಯ ಮೊದಲೇ ಗೊತ್ತಿದೆ ಎಂಬ ಕಾರಣಕ್ಕೆ ಉಪನ್ಯಾಸ ನಿಲ್ಲಿಸಿದ ವಿದ್ವಾಂಸನನ್ನು ನಾನು ಕಂಡಿಲ್ಲ. ನಾನೂ ನಿಲ್ಲಿಸಲಿಲ್ಲ. ಕೊನೆಗೆ ಅವಳು ಇನ್ನೊಂದು ಕೇಳಿದಳು.

“ಬನ್ನಿ ಕೊಟ್ರ ಯಾರರ ಬ್ಯಾಡಂತಾರೇನ್ರಿ?”

“ಹಾಗೆನ್ನುವ ಪದ್ಧತಿ ಇಲ್ಲ. ವರ್ಷವಿಡೀ ಮಾತು ಬಿಟ್ಟವನು ತಂದರೂ ಕೈಯೊಡ್ಡಿ ತೆಗೆದುಕೊಳ್ಳಬೇಕು. ಅಂದಿಗೆ ಮುನಿಸು ಮುಗಿಯಿತು.”

ಅವಳು ವಹಿಯಲ್ಲಿ ಬರೆದುಕೊಂಡಳು. ನಾನು ಹಲಗೆ ಒರೆಸಿದೆ. ಒರೆಸಿದ ಮೇಲೂ ಮೂಲೆಯಲ್ಲಿ ‘ಶುಕ್ರವಾರ’ ಎಂಬುದು ಉಳಿದಿತ್ತೆಂದು ನನ್ನ ಸ್ಪಷ್ಟ ನೆನಪು.

ಆಯುಧಪೂಜೆಯ ಶುಕ್ರವಾರ ಮಗ್ಗದ ಪೂಜೆ ನೋಡಲೆಂದು ಸಂಜೆಯ ಬಸ್ಸಿಗೆ ಬನಹಟ್ಟಿಗೆ ಹೋದೆ. ಹಗಲಿಡೀ ಖಟಖಟ ಎನ್ನುವ ಓಣಿ ಅಂದು ಎಷ್ಟು ಮೌನವಾಗಿತ್ತೆಂದರೆ ಜನ ತಮ್ಮ ದನಿಗೆ ತಾವೇ ಬೆಚ್ಚಿ ಮೆಲ್ಲಗೆ ಮಾತಾಡುತ್ತಿದ್ದರು. ಆಯಿ ತನ್ನ ಮಗ್ಗವನ್ನು ತೊಳೆದು ಒರೆಸಿ, ಲಾಳಿಗೆ ವಿಭೂತಿ ಹಚ್ಚುತ್ತಿದ್ದಳು. ನಾನು ಅದೇ ಕಟ್ಟೆಯ ಮೇಲೆ ಕುಳಿತಿದ್ದೆ. ಹುಡುಗಿ ಓಢಣಿಯಲ್ಲಿ ಏನನ್ನೋ ಕಟ್ಟಿಕೊಂಡು ಬಂದಳು. ಬಿಚ್ಚಿದರೆ ಬನ್ನಿ. ಹೊಲದ ಬದುವಿನ ಗಿಡದಿಂದ ಆಗ ತಾನೇ ಮುರಿದು ತಂದದ್ದು.

“ಆಯಿ, ಬನ್ನಿ ತಗೋರಿ. ಬಂಗಾರದಂಗ ಇರೂಣು.”

ಆಯಿ ಎಲೆಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಇವತ್ತ ಯಾವ ವಾರ?”

“ಶುಕ್ರವಾರ,” ಎಂದೆ.

“ನಿಮ್ಮನ್ನ ಕೇಳಲಿಲ್ಲ. ಈಕಿನ್ನ ಕೇಳಾಕತ್ತೇನಿ.”

“ಶುಕ್ರವಾರ್ರಿ ಆಯಿ.”

“ಬನ್ನಿ ಯಾವತ್ತ?”

ಹುಡುಗಿ ತಲೆ ತಗ್ಗಿಸಿದಳು. “ಸರ್ ಪಾಠ ಮಾಡಿದ್ರು,” ಎಂದಳು.

“ಆತು ಬಿಡವ್ವಾ,” ಎಂದಳು ಆಯಿ. “ಕಲ್ಲಿನ ಮ್ಯಾಲಿನ ತಾರೀಖು ಓದೂ ಮಂದಿಗೆ ಗ್ವಾಡಿ ಮ್ಯಾಲಿಂದು ಹೆಂಗ ಕಾಣಬೇಕು.”

ಪಕ್ಕದ ಮನೆಯ ಹೆಂಗಸು ಕಿಟಕಿಯಲ್ಲಿ ನಕ್ಕದ್ದು ಕೇಳಿಸಿತು. ಹುಡುಗಿಯ ಕೈ ಚಾಚಿಯೇ ಇತ್ತು. ಆಯಿಯ ಬೆರಳ ತುಂಬ ವಿಭೂತಿ. ಅವಳು ಸೆರಗಿಗೆ ಕೈ ಒರೆಸಿಕೊಂಡು ಎಲೆಗಳನ್ನು ತೆಗೆದುಕೊಂಡಳು.

“ಬ್ಯಾಡನ್ನಾಕ ಬರಂಗಿಲ್ಲ, ಏನ್ ಮಾಡ್ಲಿ,” ಎಂದು ಮಗ್ಗಕ್ಕೇ ಹೇಳಿದಳು.

ಹುಡುಗಿ ಕಾಲಿಗೆ ಬಿದ್ದು ಎದ್ದಳು. ಎದ್ದವಳು ಹೋಗಲಿಲ್ಲ. “ಆಯಿ, ದೀಪಾವಳಿ ಆದ ಮ್ಯಾಲ ನನ್ನ ತಂಗಿ ಬರ್ತಾಳ. ಸಾಲಿಗೆ ಹಚ್ಚಬೇಕಂತೇನಿ.”

“ಹೋಗೂ ಮುಂದ ಹೇಳಿ ಹೋಕ್ಕೀರೇನು?”

“ಹೇಳ್ತೀವ್ರಿ.”

“ಎಷ್ಟ ದಿನ ಮೊದಲ?”

ಹುಡುಗಿ ಯೋಚಿಸುವಷ್ಟರಲ್ಲಿ ಆಯಿಯೇ ಉತ್ತರ ಕೊಟ್ಟುಕೊಂಡಳು. “ಒಂದಿನ ಮೊದಲ ಬರೂ ಮಂದಿ ನೀವು. ಒಂದಿನ ಮೊದಲರ ಹೇಳ್ತೀರಿ ಬಿಡು. ಕೀಲಿ ನಾಳಿ ಮಂದಿ ಮುಂದ ಕೊಡ್ತೇನಿ. ಇವತ್ತ ಕೊಟ್ರ ನಾನೂ ಮಾಸ್ತರ ಪಂಚಾಂಗಕ್ಕ ಬಿದ್ದಂಗಾಕ್ಕೈತಿ.”

ಮರುದಿನ ಸಂಜೆ ಬನ್ನಿ ಹಿಡಿದು ಬಂದ ಪ್ರತಿಯೊಬ್ಬರಿಗೂ ಆಯಿ, “ನೀವು ತಡಾ ಮಾಡಿದ್ರಿ, ನನಗ ನಿನ್ನೇನ ಬಂತು,” ಎಂದು ಹೇಳಿದಳು. ರಾತ್ರಿಯೊಳಗೆ ಓಣಿ ಹುಡುಗಿಗೆ ‘ನಿನ್ನಿ ಬನ್ನಿ’ ಎಂಬ ಹೆಸರಿಟ್ಟಿತು. ಅಲ್ಲಿಯವರೆಗೆ ಅವಳು ‘ಕಬ್ಬಿನ ಮಂದಿ’ಯಲ್ಲಿ ಒಬ್ಬಳಾಗಿದ್ದಳು. ಅಡ್ಡಹೆಸರು ಬಿದ್ದ ಮೇಲೆ ಅಂಗಡಿಯವನು, ಶೆಡ್ಡಿನವರು, ನಳದ ಸರದಿಯಲ್ಲಿ ನಿಂತ ಹೆಂಗಸರು ಎಲ್ಲರೂ ಅವಳನ್ನು ಕರೆದು ಕಾಡತೊಡಗಿದರು. “ಏ ನಿನ್ನಿ ಬನ್ನಿ, ನಾಳಿನ ನೀರು ಇವತ್ತ ತುಂಬಾಕತ್ತೀಯೇನಬೇ?” ಎಂದು ಕೇಳಿದವರಿಗೆ, “ನಿಮ್ಮ ಪಾಳೇದೂ ನಾನ ತುಂಬಿದ್ನಿ, ಮನೀಗೆ ಹೋಗ್ರಿ,” ಎಂದು ಅವಳು ಉತ್ತರಿಸುತ್ತಿದ್ದಳಂತೆ. ನಾನು ನಾಲ್ಕು ತಿಂಗಳು ಶಾಸನಪಾಠದಿಂದ ಸಾಧಿಸದಿದ್ದುದು ಇದು.

ದೀಪಾವಳಿಯ ಮುಂದಿನ ವಾರ ತಂದೆತಾಯಿಯ ಗಾಡಿ ಹಿಪ್ಪರಗಿಯ ದಾರಿಯಲ್ಲಿ ಬನಹಟ್ಟಿಗೆ ಹೊರಳಿ, ತಂಗಿಯನ್ನೂ ಒಂದು ತಗಡಿನ ಟ್ರಂಕನ್ನೂ ಇಳಿಸಿ ಮುಂದೆ ಹೋಯಿತು. ಮೊದಲ ವಾರ ತಂಗಿ ಯಾರೊಡನೆಯೂ ಮಾತಾಡಲಿಲ್ಲ. ಆಯಿ ಅವಳಿಗೆ ಕಂಡಿಕೆ ಸುತ್ತಲು ಕೊಟ್ಟು, ನೂಲು ಹರಿದಾಗಲೆಲ್ಲ, “ಇದನ್ನೂ ಮಾಸ್ತರ ಕಲಿಸಿದ್ರೇನು?” ಎಂದು ಕೇಳಿ ನಗಿಸಿದಳಂತೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಆಯಿಯ ಮನೆಯೇ ವಿಳಾಸ.

ಈ ಪ್ರಸಂಗವನ್ನು ನಾನು ಹೋದಲ್ಲೆಲ್ಲ ಹೇಳಿದ್ದೇನೆಂದು ಒಪ್ಪಿಕೊಳ್ಳಬೇಕು. ಮುಧೋಳದ ಹಳೆಯ ಸಹೋದ್ಯೋಗಿಗಳಿಗೆ ಹೇಳಿದೆ, ಬೀಳಗಿಯ ಒಂದು ಮದುವೆಯ ಪಂಕ್ತಿಯಲ್ಲಿ ಹೇಳಿದೆ. ವಿದ್ವಾಂಸನ ತಪ್ಪೂ ಹೇಗೆ ಸಮಾಜೋಪಯೋಗಿಯಾಗಬಹುದು, ನನ್ನ ಹಲಗೆಯ ಗೊಂದಲದಿಂದ ಒಂದು ಮನೆಯ ಬಾಗಿಲು ಹೇಗೆ ತೆರೆಯಿತು ಎಂಬ ತಾತ್ಪರ್ಯ ಸಹಿತ. ಹೆಂಡತಿ ಒಮ್ಮೆ, “ಒಂದ ತಪ್ಪಿನಿಂದ ಇಷ್ಟ ಛಲೋ ಆಗೇತಂದ್ರ ಇನ್ನೊಂದ ನಾಕ ತಪ್ಪು ಮಾಡ್ರಿ,” ಎಂದಳು.

ಹೋದ ತಿಂಗಳು ತಂಗಿ ಒಂದು ವಹಿ ಹಿಡಿದು ನನ್ನ ತರಗತಿಗೆ ಬಂದಳು. ಭಿನ್ನರಾಶಿಯ ಲೆಕ್ಕ ತಿದ್ದಿಕೊಡಬೇಕಿತ್ತು. ಅಕ್ಕನ ಹಳೆಯ ವಹಿಯ ಕೊನೆಯಲ್ಲಿ ಖಾಲಿ ಉಳಿದ ಹಾಳೆಗಳಲ್ಲಿ ಅವಳು ಲೆಕ್ಕ ಮಾಡಿದ್ದಳು. ತಿದ್ದಿದೆ. ಅಭ್ಯಾಸಬಲದಿಂದ ಹಿಂದಿನ ಪುಟಗಳನ್ನೂ ತಿರುವಿದೆ. ಪ್ರತಿ ಪುಟದ ಮೇಲೂ ದಿನಾಂಕ ಇರಲೇಬೇಕೆಂಬುದು ನನ್ನ ತರಗತಿಯ ನಿಯಮ. ಅಕ್ಟೋಬರ್ ೬, ೨೦೨೪ರ ಪುಟ ಸಿಕ್ಕಿತು. ಆಗ ಅಕ್ಕನಿಗೆ ಕನ್ನಡ ಲಿಪಿ ಪೂರ್ತಿ ಬರುತ್ತಿರಲಿಲ್ಲವಾದ್ದರಿಂದ ಕನ್ನಡವನ್ನೇ ದೇವನಾಗರಿಯಲ್ಲಿ ಬರೆದಿದ್ದಳು. ಯಥಾವತ್ತಾಗಿ ಪ್ರತಿ ಮಾಡಿಕೊಂಡಿದ್ದೇನೆ:

‘ಸರ್ ಮೂರು ವಾರ ಹೇಳಿದ್ರು. ಕ್ಯಾಲೆಂಡರದಾಗ ಶನಿವಾರ ಐತಿ. ಶನಿವಾರನ ಖರೆ. ಬನ್ನಿ ಯಾರೂ ಬ್ಯಾಡನ್ನಂಗಿಲ್ಲ. ಶನಿವಾರ ಆಯಿ ಮನಿ ತುಂಬ ಮಂದಿ, ಮಾತಾಡಾಕ ಆಗಂಗಿಲ್ಲ. ಶುಕ್ರವಾರ ಹೋಗಬೇಕು.’

‘ಶುಕ್ರವಾರ’ದ ಕೆಳಗೆ ಎರಡು ಗೆರೆ. ಮುಖ್ಯ ದಿನಾಂಕಕ್ಕೆ ಎರಡು ಗೆರೆ ಎಳೆಯಬೇಕೆಂದು ಕಲಿಸಿದವನೂ ನಾನೇ.

“ಇದನ್ನು ಅಕ್ಕ ನಿನಗೆ ಹೇಳಿದ್ದಳೇ?” ಎಂದು ತಂಗಿಯನ್ನು ಕೇಳಿದೆ.

ಅವಳು ಪುಟ ನೋಡಿದಳು, ನನ್ನನ್ನು ನೋಡಿದಳು. “ಲೆಕ್ಕ ಬರೋಬರಿ ಆದುವೇನ್ರಿ ಸರ್?” ಎಂದಳು.

ಬರೋಬರಿ ಇದ್ದವು. ವಹಿ ಮರಳಿ ಕೊಟ್ಟೆ.

ನನ್ನ ದಿನಚರಿಯ ಶುಕ್ರವಾರದ ಪುಟದಲ್ಲಿ ಹೀಗಿದೆ: ‘ನನ್ನ ಪಾಠದ ಗೊಂದಲದಿಂದ ಪಾಪ ಹುಡುಗಿ ಒಂದು ದಿನ ಮೊದಲೇ ಬನ್ನಿ ಕೊಟ್ಟಳು.’ ಎರಡೂ ಸಮಕಾಲೀನ ಲಿಖಿತ ದಾಖಲೆಗಳು. ವಹಿಯದು ಐದು ದಿನ ಮೊದಲಿನದು.